ಫಿಶರ್ ಆಪರೇಷನ್ ಆದ ಮೇಲೆ ಗಾಯ ಬೇಗ ಮಾಯದಿದ್ದರೆ: ಮನೆಯಲ್ಲಿ ಮಾಡಬೇಕಾದ್ದೇನು, ಡಾಕ್ಟರ ಬಳಿ ಹೋಗಬೇಕಾದ್ದು ಯಾವಾಗ

ಫಿಶರ್ ಅಂದರೆ ಗುದದ್ವಾರದ ಅಂಚಿನ ಬಿರುಕು. ಅದರ ಆಪರೇಷನ್ ಆಗಿ ಮೂರು ವಾರ ಕಳೆದಿರುತ್ತದೆ. ಬೆಳಿಗ್ಗೆ ಕಕ್ಕಸಿಗೆ ಹೋಗಿ ಬಂದರೆ ಇನ್ನೂ ಉರಿ, ಆಗೊಮ್ಮೆ ಈಗೊಮ್ಮೆ ಒಂದು ಗೆರೆ ರಕ್ತ, ಅರ್ಧ ಗಂಟೆ ಕೂತರೆ ಒಳಗೆಲ್ಲೋ ಹಿಂಡಿದ ನೋವು. ಆಪರೇಷನ್ ಕೈಕೊಟ್ಟಿತೇ ಎಂಬ ಅನುಮಾನ ಹುಟ್ಟುವುದು ಈ ಹಂತದಲ್ಲೇ. ಬಹುಪಾಲು ಮಂದಿಯ ವಿಷಯದಲ್ಲಿ ಹಾಗೇನೂ ಆಗಿರುವುದಿಲ್ಲ. ‘ಮೂರೇ ದಿನದಲ್ಲಿ ಕೆಲಸಕ್ಕೆ’ ಎನ್ನುವ ಜಾಹೀರಾತುಗಳು ಕೊಡುವುದು ನೀವು ಎದ್ದು ಓಡಾಡುವ ದಿನದ ಲೆಕ್ಕ. ಚರ್ಮ ಕೂಡಿಕೊಳ್ಳುವ ಲೆಕ್ಕ ಬೇರೆ, ಅದು ವಾರಗಳದ್ದು. ಹಾಗೆಂದು ಎಲ್ಲ ನಿಧಾನವೂ ಸಹಜವಲ್ಲ. ನಿಮ್ಮದು ಯಾವ ಬಗೆಯ ನಿಧಾನ ಎಂದು ಗುರುತಿಸಬೇಕು, ದಿನಾ ಗಾಯವನ್ನು ಮತ್ತೆ ಕೆದಕುತ್ತಿರುವುದು ಏನೆಂದು ಹಿಡಿಯಬೇಕು.

ಆಗಿರುವುದು ಯಾವ ಆಪರೇಷನ್?

ಡಿಸ್‌ಚಾರ್ಜ್ ಸಮರಿ ತೆಗೆದು ನೋಡಿ. ‘ಎಲ್‌ಐಎಸ್’ ಅಥವಾ ‘ಲ್ಯಾಟರಲ್ ಇಂಟರ್ನಲ್ ಸ್ಫಿಂಕ್ಟೆರಾಟಮಿ’ ಎಂದಷ್ಟೇ ಇದ್ದರೆ, ಗುದದ್ವಾರದ ಒಳಗಿನ ಬಿಗಿಸ್ನಾಯುವಿನ ಕೆಳಭಾಗವನ್ನು ಪಕ್ಕದಿಂದ ಸ್ವಲ್ಪ ಕೊಯ್ದು ಸಡಿಲಿಸಿದ್ದಾರೆ ಎಂದರ್ಥ. ಬಿರುಕನ್ನು ಹೊಲಿದಿರುವುದಿಲ್ಲ, ಹಲವು ಸಲ ಮುಟ್ಟಿಯೂ ಇರುವುದಿಲ್ಲ. ಆ ಸ್ನಾಯು ಸದಾ ಬಿಗಿದುಕೊಂಡಿದ್ದರಿಂದ ಬಿರುಕಿಗೆ ರಕ್ತ ಸರಿಯಾಗಿ ಹರಿಯುತ್ತಿರಲಿಲ್ಲ. ಈಗ ಹರಿಯುತ್ತದೆ, ಬಿರುಕು ತಾನಾಗಿ ಮಾಯಬೇಕು. ಅಂದರೆ ನಿಮಗೀಗ ಎರಡು ಗಾಯಗಳಿವೆ: ಪಕ್ಕದಲ್ಲಿ ಹೊಸ ಕೊಯ್ತ, ಸಾಮಾನ್ಯವಾಗಿ ಹಿಂಬದಿಯ ನಡುಗೆರೆಯಲ್ಲಿ ಹಳೆಯ ಬಿರುಕು. ಕೊಯ್ತದ ನೋವು ಒಂದೆರಡು ವಾರದಲ್ಲಿ ತಗ್ಗುತ್ತದೆ. ಬಿರುಕು ಮುಚ್ಚಲು 4ರಿಂದ 8 ವಾರ ಹಿಡಿಯುತ್ತದೆ. (1950ರ ದಶಕದ ಆರಂಭದಲ್ಲಿ ಕೊಯ್ತವನ್ನೂ ಹಿಂಬದಿಯ ನಡುವಿನಲ್ಲೇ ಹಾಕುತ್ತಿದ್ದರು. ಅಲ್ಲಿ ತಗ್ಗು ಉಳಿದು ಮಲ ಜಿನುಗತೊಡಗಿದ್ದರಿಂದ ಅದು ಪಕ್ಕಕ್ಕೆ ಸರಿಯಿತು.)

‘ಫಿಶರೆಕ್ಟಮಿ’, ‘ಸೆಂಟಿನಲ್ ಟ್ಯಾಗ್ ಎಕ್ಸಿಶನ್’ ಎಂಬ ಪದಗಳೂ ಇದ್ದರೆ ಬಿರುಕಿನ ಗಡುಸಾದ ಅಂಚನ್ನೋ, ಹೊರಗೆ ಜೋತುಬಿದ್ದ ಚರ್ಮವನ್ನೋ ಕತ್ತರಿಸಿ ತೆಗೆದಿದ್ದಾರೆ. ಈ ಗಾಯವನ್ನು ಬೇಕೆಂದೇ ತೆರೆದು ಬಿಡುತ್ತಾರೆ, ಹೊಲಿದು ಮುಚ್ಚಿದರೆ ಒಳಗೆ ಕೀವು ಕಟ್ಟುವ ಅಪಾಯವಿರುತ್ತದೆ. ಅದು ತಳದಿಂದ ಮೇಲಕ್ಕೆ ತುಂಬಿಕೊಳ್ಳಬೇಕು. ಅದಕ್ಕೆ 6ರಿಂದ 8 ವಾರ, ಕೆಲವರಲ್ಲಿ ಇನ್ನೂ ಹೆಚ್ಚು ಬೇಕು. ಜೊತೆಗೆ ಮೂಲವ್ಯಾಧಿಯ ಗಂಟುಗಳನ್ನೂ ತೆಗೆದಿದ್ದರೆ ಮೊದಲ ಎರಡು ವಾರದ ನೋವು ಇನ್ನೂ ಜಾಸ್ತಿ. ಎಲ್‌ಐಎಸ್ ಮಾತ್ರ ಮಾಡಿಸಿಕೊಂಡ ನೆಂಟರ ಜೊತೆ ನಿಮ್ಮನ್ನು ಹೋಲಿಸಿಕೊಂಡು ಕೊರಗುವುದರಲ್ಲಿ ಅರ್ಥವಿಲ್ಲ.

ದಿನ ಲೆಕ್ಕ ಹಾಕಬೇಡಿ, ವಾರ ಲೆಕ್ಕ ಹಾಕಿ

ಈ ಗಾಯ ಒಂದೇ ಸಮನೆ ಗುಣವಾಗುವುದಿಲ್ಲ. ನಾಲ್ಕು ದಿನ ಹಾಯಾಗಿದ್ದು ಐದನೆಯ ದಿನ ಒಮ್ಮೆ ಗಟ್ಟಿ ಮಲ ಹೋದರೆ ಎರಡು ದಿನ ಹಿಂದಕ್ಕೆ ಹೋದಂತಾಗುತ್ತದೆ. ಆದ್ದರಿಂದ ನಿನ್ನೆಗೂ ಇವತ್ತಿಗೂ ಹೋಲಿಸಿದರೆ ಏನೂ ತಿಳಿಯದು. ಒಂದು ನೋಟ್‌ಬುಕ್ಕಿನಲ್ಲಿ ದಿನಾ ಮೂರೇ ಸಂಗತಿ ಬರೆಯಿರಿ: ಮಲ ಯಾವ ಹದದಲ್ಲಿತ್ತು, ಹೋಗುವಾಗ ನೋವು ಹತ್ತಕ್ಕೆ ಎಷ್ಟು, ಹೋಗಿ ಬಂದ ಮೇಲೆ ನೋವು ಎಷ್ಟು ನಿಮಿಷ ಉಳಿಯಿತು. ಇವುಗಳಲ್ಲಿ ಮೂರನೆಯದು ಹೆಚ್ಚು ನಂಬಿಕೆಗೆ ಅರ್ಹ. ಆಪರೇಷನ್‌ಗೆ ಮುಂಚೆ ಎರಡು ಮೂರು ಗಂಟೆ ಹಿಂಡುತ್ತಿದ್ದ ನೋವು ಎರಡನೇ ವಾರಕ್ಕೆ 40 ನಿಮಿಷಕ್ಕೆ, ನಾಲ್ಕನೇ ವಾರಕ್ಕೆ 15 ನಿಮಿಷಕ್ಕೆ ಇಳಿದಿದ್ದರೆ, ಹೋಗುವಾಗಿನ ಉರಿ ಹಾಗೇ ಇದ್ದರೂ ಗಾಯ ಸರಿದಾರಿಯಲ್ಲೇ ಇದೆ. ಎರಡು ವಾರ ಆ ನಿಮಿಷಗಳು ಇಳಿಯದೆ ನಿಂತರೆ, ಅಥವಾ ಇಳಿದಿದ್ದು ಮತ್ತೆ ಏರತೊಡಗಿದರೆ, ಆ ನೋಟ್‌ಬುಕ್ ಹಿಡಿದುಕೊಂಡು ಸರ್ಜನ್ ಬಳಿ ಹೋಗಿ. ‘ಇನ್ನೂ ನೋವಿದೆ ಡಾಕ್ಟ್ರೇ’ ಎನ್ನುವುದಕ್ಕಿಂತ ಆ ಅಂಕಿಗಳಿಂದ ಅವರಿಗೆ ಹೆಚ್ಚು ತಿಳಿಯುತ್ತದೆ.

ನೋವಿನ ಬಗೆಯನ್ನೂ ಗಮನಿಸಿ. ಮಲ ಹೋಗುವಾಗ ಬ್ಲೇಡಿನಿಂದ ಗೀರಿದಂಥ ಉರಿ ಗಾಯದ್ದು. ಸಂಜೆ ಹೊತ್ತಿಗೆ ಒಳಗೆ ಮೇಲ್ಭಾಗದಲ್ಲಿ ಮಂದವಾಗಿ ಹಿಂಡುವ, ಕೂತರೆ ಹೆಚ್ಚಾಗಿ ಮಲಗಿದರೆ ಕಡಿಮೆಯಾಗುವ ನೋವು ಸ್ನಾಯುವಿನದ್ದು. ಒಂದೇ ಪಕ್ಕದಲ್ಲಿ ಹಗಲು ರಾತ್ರಿ ಡವಡವ ಎಂದು ಬಡಿಯುತ್ತ ದಿನೇ ದಿನೇ ಏರುವ ನೋವಿದ್ದರೆ ಕೀವು ಕಟ್ಟಿರಬಹುದೆಂಬ ಶಂಕೆ, ಅದಕ್ಕೆ ಮನೆಮದ್ದಿಲ್ಲ.

ಮಲದ ಹದ: ಅರ್ಧಕ್ಕಿಂತ ಹೆಚ್ಚು ಕೆಲಸ ಇಲ್ಲೇ

ಗಾಯ ಮಾಯದಿರಲು ತೀರಾ ಸಾಮಾನ್ಯ ಕಾರಣ ಮಲ. ಗಟ್ಟಿ ಮಲ ಹೊಸ ಚರ್ಮವನ್ನು ಹರಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚಿನವರಿಗೆ ತಿಳಿಯದ್ದೇನೆಂದರೆ ದಿನಕ್ಕೆ ನಾಲ್ಕೈದು ಸಲ ನೀರಾಗಿ ಹೋದರೂ ಅಷ್ಟೇ ತೊಂದರೆ. ಪದೇ ಪದೇ ಒದ್ದೆ, ಪದೇ ಪದೇ ಒರೆಸುವುದು, ಕ್ಷಾರೀಯ ದ್ರವ ತಾಗಿ ಚರ್ಮ ಬೇಯುವುದು ಎಲ್ಲ ಸೇರಿ ಗಾಯ ಹಸಿಯಾಗಿಯೇ ಉಳಿಯುತ್ತದೆ. ಭಯಕ್ಕೆ ದಿನಾ ಭೇದಿ ಮಾಡಿಸಿಕೊಳ್ಳುವವರು ಇದ್ದಾರೆ, ಅದು ತಪ್ಪು ದಾರಿ. ಬೇಕಾದ್ದು ಕಳಿತ ಬಾಳೆಹಣ್ಣಿನ ಹದ: ಆಕಾರ ಇರಬೇಕು, ತಿಣುಕದೆ ಜಾರಬೇಕು, ದಿನಕ್ಕೆ ಒಂದು ಅಥವಾ ಎರಡು ಸಲ.

ಇಸಬ್‌ಗೋಲ್ ಹೊಟ್ಟನ್ನು ಮೊದಲ ಮೂರು ದಿನ ರಾತ್ರಿ ಊಟದ ನಂತರ ಒಂದು ಟೀ ಚಮಚ, ಆಮೇಲೆ ಎರಡು. ಅಗತ್ಯ ಬಿದ್ದರೆ ಊಟದ ಚಮಚದಲ್ಲಿ ಒಂದರಂತೆ ದಿನಕ್ಕೆ ಎರಡು ಸಲದವರೆಗೆ ಹೋಗಬಹುದು, ಅದು ಸುಮಾರು 10 ಗ್ರಾಂ. ಒಂದು ದೊಡ್ಡ ಲೋಟ, ಅಂದರೆ 200ರಿಂದ 250 ಮಿಲಿ ನೀರಿಗೆ ಹಾಕಿ ಕಲಕಿದ ತಕ್ಷಣ ಕುಡಿಯಿರಿ, ಬಿಟ್ಟರೆ ಲೋಳೆಯಾಗಿ ಗಂಟಲಿಗಿಳಿಯದು. ಅದರ ಹಿಂದೆಯೇ ಇನ್ನೊಂದು ಲೋಟ ನೀರು. ‘ಇಸಬ್‌ಗೋಲ್ ತಗೊಂಡ್ರೆ ಇನ್ನೂ ಗಟ್ಟಿ ಆಗುತ್ತೆ’ ಎಂದು ದೂರುವವರು ಬಹುತೇಕ ಈ ಎರಡನೇ ಲೋಟವನ್ನು ಬಿಟ್ಟವರು. ನೀರು ಸಾಲದಿದ್ದರೆ ಹೊಟ್ಟು ಕರುಳಲ್ಲೇ ಗಡ್ಡೆ ಕಟ್ಟುತ್ತದೆ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ದಿನವಿಡೀ 2ರಿಂದ 2.5 ಲೀಟರ್ ನೀರು ಬೇಕು. ಹೃದಯ, ಕಿಡ್ನಿ ತೊಂದರೆಯಿಂದ ನೀರಿಗೆ ಮಿತಿ ಇರುವವರು ಇಸಬ್‌ಗೋಲ್ ಶುರುಮಾಡುವ ಮುನ್ನ ಡಾಕ್ಟರನ್ನು ಕೇಳಬೇಕು.

ಇದು ಸಾಲದಾದಾಗ ಡಾಕ್ಟರು ಸಾಮಾನ್ಯವಾಗಿ ಬರೆಯುವುದು ಲ್ಯಾಕ್ಟುಲೋಸ್ ಸಿರಪ್, ರಾತ್ರಿ 15ರಿಂದ 30 ಮಿಲಿ. ಕೆಲಸ ಮಾಡಲು ಒಂದೆರಡು ದಿನ ಬೇಕು, ಹೊಟ್ಟೆಯುಬ್ಬರ, ಗ್ಯಾಸ್ ಮಾಮೂಲು. ಗ್ಯಾಸ್ ತಡೆಯಲಾರದವರಿಗೆ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ವಾಸಿ: 17 ಗ್ರಾಂ ಪುಡಿ ಒಂದು ಲೋಟ ನೀರಿನಲ್ಲಿ ದಿನಕ್ಕೊಮ್ಮೆ, ಪರಿಣಾಮ ಕಾಣಲು ಒಂದರಿಂದ ಮೂರು ದಿನ. ಇಲ್ಲಿ ಎಲ್ಲರೂ ಎಡವುವುದು ಅವಸರದಲ್ಲಿ. ಇವತ್ತು ಸಿರಪ್ ಕುಡಿದು ನಾಳೆ ಆಗಲಿಲ್ಲವೆಂದು ಡಬಲ್ ಮಾಡುತ್ತಾರೆ, ನಾಡಿದ್ದು ಭೇದಿಯಾಗುತ್ತದೆ, ಹೆದರಿ ಪೂರ್ತಿ ನಿಲ್ಲಿಸುತ್ತಾರೆ, ಮೂರನೇ ದಿನ ಕಲ್ಲು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, 5 ಮಿಲಿಯೋ ಅರ್ಧ ಚಮಚವೋ ಹೆಚ್ಚು ಕಡಿಮೆ ಮಾಡಿ, ಮೂರು ದಿನ ಕಾಯಿರಿ. ತ್ರಿಫಲ ಚೂರ್ಣ, ಸೋನಾಮುಖಿ, ಹರಳೆಣ್ಣೆ ಇವನ್ನು ಸಿರಪ್ಪಿನ ಮೇಲೆ ಸೇರಿಸಬೇಡಿ. ಕರುಳನ್ನು ಕೆರಳಿಸಿ ಹೊರಹಾಕಿಸುವ ಔಷಧಿಗಳಿಂದ ಹೊಟ್ಟೆ ನುಲಿತ ಬಂದು ಒತ್ತಡದಿಂದ ಹೋಗುತ್ತದೆ, ಹಸಿ ಗಾಯಕ್ಕೆ ಅದು ಬೇಡ.

ಮಲಬದ್ಧತೆ ತರುವ ಮಾತ್ರೆಗಳು ನಿಮ್ಮ ಚೀಟಿಯಲ್ಲೇ ಇರಬಹುದು. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಅಲ್ಯೂಮಿನಿಯಂ ಇರುವ ಆಸಿಡಿಟಿ ಔಷಧ ಇವೆಲ್ಲ ಆ ಗುಂಪಿಗೆ ಸೇರಿದವು. ನೀವಾಗಿ ನಿಲ್ಲಿಸಬೇಡಿ, ಬದಲಿ ಇದೆಯೇ ಎಂದು ಕೇಳಿ.

ಊಟದ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ. ನಾರಿಗಾಗಿ ಓಟ್ಸ್ ಹುಡುಕಿಕೊಂಡು ಹೋಗಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ, ಇಡೀ ಹೆಸರುಕಾಳಿನಲ್ಲಿ ಸುಮಾರು 17 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಆಪರೇಷನ್ ಆದವರಿಗೆ ‘ಹಗುರ’ ಎಂದು ವಾರಗಟ್ಟಲೆ ಮೊಸರನ್ನ, ಬ್ರೆಡ್ಡು, ರಸ್ಕು, ರವೆಗಂಜಿ ಕೊಡುವ ಪದ್ಧತಿ ಈ ಕಾಯಿಲೆಗೆ ಮಾತ್ರ ಉಲ್ಟಾ ಹೊಡೆಯುತ್ತದೆ. ಮಧ್ಯಾಹ್ನ ಒಂದು ಮುದ್ದೆ ಸೊಪ್ಪಿನ ಸಾರು, ರಾತ್ರಿ ಜೋಳದ ರೊಟ್ಟಿಗೆ ಹೀರೇಕಾಯಿ ಪಲ್ಯವೋ ಬೇಯಿಸಿದ ಕಾಳಿನ ಪಲ್ಯವೋ, ನಡುವೆ ಎರಡು ಲೋಟ ಮಜ್ಜಿಗೆ, ಒಂದು ಬಟ್ಟಲು ಪಪ್ಪಾಯಿ, ನೆನೆಸಿದ ಒಣದ್ರಾಕ್ಷಿ, ಇಷ್ಟಿದ್ದರೆ ದಿನದ 25ರಿಂದ 30 ಗ್ರಾಂ ನಾರಿನ ಹತ್ತಿರ ಬಂದಿರಿ. ಅಭ್ಯಾಸವಿಲ್ಲದವರು ಒಂದೇ ದಿನ ಇಷ್ಟಕ್ಕೆ ಏರಬೇಡಿ. ವಾರಕ್ಕೆ 5 ಗ್ರಾಂನಂತೆ ಹೆಚ್ಚಿಸದಿದ್ದರೆ ಗ್ಯಾಸ್‌ನಿಂದಲೇ ಒದ್ದಾಟ. ಕಾಯಿ ಬಾಳೆಹಣ್ಣು, ಮೈದಾ ತಿಂಡಿ, ದಿನಕ್ಕೆ ನಾಲ್ಕು ಸಲ ಕಾಫಿ ಬೇಡ. ಹಸಿಮೆಣಸು, ಬ್ಯಾಡಗಿ, ಗುಂಟೂರು ಯಾವುದೇ ಆಗಲಿ, ಖಾರದ ಅಂಶ ಪೂರ್ತಿ ಜೀರ್ಣವಾಗದೆ ಹೊರಬರುವಾಗ ಗಾಯಕ್ಕೆ ತಾಗಿ ಉರಿಸುತ್ತದೆ. ಗಾಯವನ್ನು ಅದು ಹರಿಯುವುದಿಲ್ಲ, ಆದರೆ ಆ ಉರಿಗೆ ಸ್ನಾಯು ಬಿಗಿಯುತ್ತದೆ. ಆರು ವಾರ ಕಾಳುಮೆಣಸು ಮತ್ತು ಮೆಣಸಿನಕಾಯಿ ಎರಡನ್ನೂ ಅರ್ಧಕ್ಕೆ ಇಳಿಸಿ.

ಬಾಣಂತಿಯರಿಗೆ ಇಲ್ಲೊಂದು ವಿಶೇಷ ಮಾತು. ಹೆರಿಗೆಯ ನಂತರ ಫಿಶರ್ ಬರುವುದು ಸಾಮಾನ್ಯ, ಕೆಲವರಿಗೆ ಆಪರೇಷನ್ ತನಕ ಹೋಗುತ್ತದೆ. ಬಾಣಂತನದ ಪಥ್ಯವೆಂದು ನೀರು ಕಡಿಮೆ ಕೊಟ್ಟು, ಸೊಪ್ಪು ತರಕಾರಿ ಬಿಡಿಸಿ, ಅನ್ನಕ್ಕೆ ಮೆಣಸು ಬೆಳ್ಳುಳ್ಳಿ ಹಾಕಿ ಉಣ್ಣಿಸಿದರೆ ಗಾಯ ಮಾಯುವುದಿಲ್ಲ. ಹಾಲೂಡಿಸುವ ತಾಯಿಗೆ ನೀರು ಇನ್ನೂ ಹೆಚ್ಚೇ ಬೇಕು. ಮನೆಯ ಹಿರಿಯರು ಒಪ್ಪದಿದ್ದರೆ ಡಾಕ್ಟರ ಬಾಯಲ್ಲೇ ಅವರಿಗೆ ಹೇಳಿಸುವುದು ಉತ್ತಮ, ಸೊಸೆಯ ಮಾತಿಗಿಂತ ಅದು ಬೇಗ ನಾಟುತ್ತದೆ.

ಕಕ್ಕಸಿನಲ್ಲಿ

ತಿಂಡಿ ತಿಂದ 20-30 ನಿಮಿಷಕ್ಕೆ ಕರುಳು ತಾನಾಗಿ ಚುರುಕಾಗುತ್ತದೆ, ಆ ಹೊತ್ತಿಗೆ ಮನೆಯಲ್ಲಿರುವಂತೆ ನೋಡಿಕೊಳ್ಳಿ. ಒತ್ತಡ ಬಂದಾಗ ನೋವಿನ ಹೆದರಿಕೆಗೆ ತಡೆದರೆ ಮಲದ ನೀರನ್ನು ಕರುಳು ಹೀರಿಕೊಂಡು ಅದು ಮತ್ತಷ್ಟು ಗಟ್ಟಿಯಾಗುತ್ತದೆ. ಫಿಶರ್ ಗುಣವಾಗದವರಲ್ಲಿ ಈ ತಡೆಯುವ ಚಾಳಿ ಬಹಳ ಕಾಣುತ್ತದೆ. ಡಾಕ್ಟರು ಒಪ್ಪಿದ್ದರೆ ಪ್ಯಾರಾಸಿಟಮಾಲ್ ಮಾತ್ರೆಯನ್ನು ಹೋಗುವ ಹೊತ್ತಿಗೆ 45 ನಿಮಿಷ ಮುಂಚೆ ತೆಗೆದುಕೊಂಡರೆ ಹೆದರಿಕೆ ಅರ್ಧ ಇಳಿಯುತ್ತದೆ.

ವೆಸ್ಟರ್ನ್ ಕಮೋಡ್ ಆದರೆ ಪಾದದಡಿ 7-8 ಇಂಚಿನ ಮಣೆಯೋ ಸ್ಟೂಲೋ ಇಟ್ಟು, ಮಂಡಿ ಸೊಂಟಕ್ಕಿಂತ ಮೇಲೆ ಬರುವಂತೆ ಮಾಡಿ, ಮುಂದಕ್ಕೆ ಬಾಗಿ ಮೊಣಕೈಯನ್ನು ತೊಡೆಯ ಮೇಲೆ ಊರಿ. ಇಂಡಿಯನ್ ಕಕ್ಕಸಿನ ಭಂಗಿ ಇದಕ್ಕೆ ತಾನಾಗಿಯೇ ಸರಿ, ಆದರೆ ಮೊದಲ ವಾರ ಏಳುವಾಗ ಹಿಡಿದುಕೊಳ್ಳಲು ಏನಾದರೂ ಇರಲಿ. ಬಾಯಿ ತೆರೆದು ನಿಧಾನ ಉಸಿರು ಬಿಡುತ್ತ ಹೊಟ್ಟೆಯನ್ನು ಅಗಲಿಸಿ. ಉಸಿರು ಬಿಗಿಹಿಡಿದು ತಿಣುಕಬೇಡಿ. ಐದು ನಿಮಿಷದಲ್ಲಿ ಆಗದಿದ್ದರೆ ಎದ್ದು ಬನ್ನಿ, ಒತ್ತಡ ಮತ್ತೆ ಬರುತ್ತದೆ. ಮೊಬೈಲು ಹೊರಗಿರಲಿ.

ತೊಳೆಯುವಾಗ ಹೆಲ್ತ್ ಫಾಸೆಟ್‌ನ ಚೂಪು ಧಾರೆ ನೇರ ಗಾಯಕ್ಕೆ ಹೊಡೆಯಬಾರದು. ಮಗ್ಗಿನಲ್ಲಿ ಬೆಚ್ಚಗಿನ ನೀರು ಸುರಿದುಕೊಳ್ಳಿ. ಬೆರಳಿನಿಂದ ಉಜ್ಜುವುದು, ಸೋಪು, ವಾಸನೆಯ ವೆಟ್ ವೈಪ್ಸ್ ಬೇಡ. ಹಳೆಯ ಮೆತ್ತನೆ ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ತೇವ ತೆಗೆಯಿರಿ.

ಬೆಚ್ಚನೆ ನೀರಲ್ಲಿ ಕೂರುವುದು

ಅಗಲವಾದ ಪ್ಲಾಸ್ಟಿಕ್ ಟಬ್ ಸಾಕು. ಮೆಡಿಕಲ್ ಶಾಪಿನಲ್ಲಿ ಕಮೋಡ್ ಮೇಲೆ ಕೂರಿಸುವ ಸಿಟ್ಜ್ ಬಾತ್ ಬೇಸಿನ್ ಸಿಗುತ್ತದೆ, ಮಂಡಿ ನೋವಿನವರಿಗೆ ಅದೇ ಅನುಕೂಲ. ನೀರು 37ರಿಂದ 40 ಡಿಗ್ರಿ ಸೆಲ್ಸಿಯಸ್: ಮೊಣಕೈ ಅದ್ದಿದರೆ ಹಿತವಾಗಿ ಬೆಚ್ಚಗಿರಬೇಕು, ಚುರ್ ಎನ್ನಬಾರದು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾಗಿರುವವರು ಮನೆಯ ಬೇರೆಯವರಿಂದ ನೀರು ಪರೀಕ್ಷಿಸಿಕೊಳ್ಳಬೇಕು. ದಿನಕ್ಕೆ ಮೂರು ಸಲ, ಅದರಲ್ಲೊಂದು ಕಕ್ಕಸಿಗೆ ಹೋಗಿ ಬಂದ ಕೂಡಲೇ, 10ರಿಂದ 15 ನಿಮಿಷ. ಅರ್ಧ ಗಂಟೆ ಕೂತರೆ ಚರ್ಮ ನೆಂದು ಬಿಳಿಚಿಕೊಂಡು ಮತ್ತೆ ಸೀಳುತ್ತದೆ. ಏಳುವಾಗ ತಲೆ ಸುತ್ತಬಹುದು, ಗೋಡೆ ಹಿಡಿದು ನಿಧಾನವಾಗಿ ಏಳಿ.

ನೀರಿಗೆ ಏನೂ ಬೆರೆಸಬೇಕಾಗಿಲ್ಲ. ಉಪ್ಪಿನಿಂದ ಹೆಚ್ಚಿನ ಲಾಭವಿಲ್ಲ. ಡೆಟಾಲ್, ಗಟ್ಟಿ ಬೆಟಾಡಿನ್, ಕರಗದ ಪರ್ಮ್ಯಾಂಗನೇಟ್ ಹರಳುಗಳು ಹೊಸದಾಗಿ ಬರುತ್ತಿರುವ ಚರ್ಮವನ್ನೇ ಸುಡುತ್ತವೆ. ಸರ್ಜನ್ ಬರೆದುಕೊಟ್ಟಿದ್ದರೆ ಮಾತ್ರ, ಅವರು ಹೇಳಿದ ಪ್ರಮಾಣದಲ್ಲಿ ಹಾಕಿ. ಬೆಚ್ಚನೆ ನೀರು ಇಲ್ಲಿ ಮಾಡುವ ಕೆಲಸ ಬಿಗಿದ ಸ್ನಾಯುವನ್ನು ಸಡಿಲಿಸುವುದು. ಕ್ರಿಮಿ ಕೊಲ್ಲಲೆಂದು ಅದನ್ನು ಹೇಳಿಲ್ಲ.

ಮುಲಾಮು ಮತ್ತು ನೋವಿನ ಮಾತ್ರೆ

ಮನೆಯಲ್ಲಿ ಬಿದ್ದಿರುವ ‘ಪೈಲ್ಸ್ ಕ್ರೀಮ್’ ಹಚ್ಚುವ ಮುಂಚೆ ಟ್ಯೂಬಿನ ಮೇಲೆ ಏನು ಬರೆದಿದೆ ಓದಿ. ಬೆಕ್ಲೊಮೆಥಾಸೋನ್, ಹೈಡ್ರೋಕಾರ್ಟಿಸೋನ್ ಥರದ ಸ್ಟೀರಾಯ್ಡ್ ಇದ್ದರೆ ವಾರಗಟ್ಟಲೆ ಹಚ್ಚಿದಾಗ ಚರ್ಮ ತೆಳುವಾಗಿ ಗಾಯ ನಿಲ್ಲದೆ ಹರಿಯುತ್ತಿರುತ್ತದೆ. ಬೇಗ ಗುಣವಾಗಲೆಂದು ಹಚ್ಚಿದ್ದೇ ತಡಕ್ಕೆ ಕಾರಣವಾದ ಪ್ರಸಂಗಗಳು ಕಡಿಮೆಯಿಲ್ಲ. ಲಿಗ್ನೊಕೇನ್ ಜೆಲ್ಲಿಯನ್ನು ಹೋಗುವ 10 ನಿಮಿಷ ಮುಂಚೆ ಹಚ್ಚಬಹುದು, ಆದರೆ ಅದು ಮರಗಟ್ಟಿಸುತ್ತದೆಯೇ ಹೊರತು ಮಾಯಿಸುವುದಿಲ್ಲ. ದೀರ್ಘಕಾಲ ಹಚ್ಚಿದರೆ ಕೆಲವರಿಗೆ ಅಲರ್ಜಿಯ ತುರಿಕೆ ಬರುತ್ತದೆ.

ಬಿಗಿತ ಉಳಿದಿದ್ದರೆ ಸರ್ಜನ್ 2 ಶೇಕಡಾ ಡಿಲ್ಟಿಯಾಜೆಮ್ ಮುಲಾಮು ಬರೆಯಬಹುದು. ಬಟಾಣಿ ಕಾಳಿನಷ್ಟು, ಗ್ಲೌಸ್ ಹಾಕಿದ ಬೆರಳಲ್ಲಿ, ದ್ವಾರದ ಅಂಚಿಗೆ ಮತ್ತು ಅಂಚಿನ ಸ್ವಲ್ಪ ಒಳಗೆ, ದಿನಕ್ಕೆ ಎರಡು ಸಲ, 6ರಿಂದ 8 ವಾರ. ಎರಡು ವಾರಕ್ಕೇ ನೋವು ಕಡಿಮೆಯಾಯಿತೆಂದು ಬಿಟ್ಟರೆ ಸಾಮಾನ್ಯವಾಗಿ ಮರಳಿ ಬರುತ್ತದೆ. ನೈಟ್ರೋಗ್ಲಿಸರಿನ್ ಮುಲಾಮಾದರೆ ತಲೆನೋವು ಸಾಮಾನ್ಯ, ಮೊದಲ ಸಲ ಮಲಗಿಕೊಂಡೇ ಹಚ್ಚಿ. ಸಿಲ್ಡೆನಾಫಿಲ್ (ವಯಾಗ್ರಾ) ಜಾತಿಯ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಬಳಸಲೇಬಾರದು, ರಕ್ತದೊತ್ತಡ ಅಪಾಯಕರವಾಗಿ ಕುಸಿಯುತ್ತದೆ.

ಪ್ಯಾರಾಸಿಟಮಾಲ್ 500 ಅಥವಾ 650 ಮಿಲಿಗ್ರಾಂ, ಆರು ಗಂಟೆ ಅಂತರದಲ್ಲಿ, ದಿನಕ್ಕೆ ಒಟ್ಟು 3 ಗ್ರಾಂ ಮೀರದಂತೆ. ಲಿವರ್ ತೊಂದರೆ ಇರುವವರು, ಮದ್ಯ ಸೇವಿಸುವವರು ಇನ್ನೂ ಕಡಿಮೆ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಊಟದ ನಂತರ, ಕೆಲವೇ ದಿನ. ಅಲ್ಸರ್, ಕಿಡ್ನಿ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದವರಿಗೆ ಬೇಡ.

ಹೆದರಿಕೆ ಬಿಗಿಯುವ ಸ್ನಾಯು

ಸರ್ಜನ್ ಕೊಯ್ದಿರುವುದು ಒಳಸ್ನಾಯುವನ್ನು, ಅದು ನಮ್ಮ ಹಿಡಿತದಲ್ಲಿಲ್ಲ. ಅದರ ಸುತ್ತ ಇರುವ ಹೊರಸ್ನಾಯು ಮತ್ತು ಕೆಳಹೊಟ್ಟೆಯ ತಳದ ಸ್ನಾಯುಗಳು ನಮ್ಮ ಹಿಡಿತದಲ್ಲಿವೆ. ತಿಂಗಳುಗಟ್ಟಲೆ ನೋವು ತಿಂದವರು ಅವನ್ನು ಗೊತ್ತಿಲ್ಲದೆಯೇ ಇಡೀ ದಿನ ಬಿಗಿಹಿಡಿದಿರುತ್ತಾರೆ. ಗಾಯ ಮಾಯ್ದ ಮೇಲೂ ಉಳಿಯುವ ಸಂಜೆಯ ಮಂದ ನೋವು ಬಹಳ ಸಲ ಇದೇ.

ಅಂಗಾತ ಮಲಗಿ, ಮಂಡಿ ಮಡಚಿ, ಮಂಡಿಯ ಕೆಳಗೆ ದಿಂಬು ಇಟ್ಟುಕೊಳ್ಳಿ. ಒಂದು ಕೈ ಹೊಟ್ಟೆಯ ಮೇಲೆ. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರೆಳೆಯಿರಿ, ಹೊಟ್ಟೆ ಮೇಲೇಳಬೇಕು, ಎದೆಯಲ್ಲ. ಅದೇ ಹೊತ್ತಿಗೆ ಕೆಳಗಿನ ಸ್ನಾಯು ಕೆಳಕ್ಕೆ ಸಡಿಲುವುದು ತಿಳಿಯುತ್ತದೆ. ಗ್ಯಾಸ್ ಬಿಡುವಾಗ ಆಗುವ ಸಡಿಲಿಕೆ ಅದೇ, ತಳ್ಳುವುದು ಬೇಡ. ಆರು ಎಣಿಸುತ್ತ ಉಸಿರು ಬಿಡಿ. ಐದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ, ಅದರಲ್ಲೂ ಕಕ್ಕಸಿಗೆ ಹೋಗಿ ಬಂದ ಮೇಲೆ. ನೋವಿರುವಾಗ ಕೀಗಲ್ ವ್ಯಾಯಾಮ, ಅಶ್ವಿನಿ ಮುದ್ರೆ ಮಾಡಬೇಡಿ, ಅವು ಬಿಗಿಯುವುದನ್ನೇ ಕಲಿಸುತ್ತವೆ. ಎಂಟು ವಾರದ ಮೇಲೂ ಈ ಬಗೆಯ ನೋವು ಉಳಿದರೆ ಈ ತಳದ ಸ್ನಾಯುಗಳಿಗೆ ಚಿಕಿತ್ಸೆ ಕೊಡುವ ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿಸ್ಟ್ ಬಳಿ ಕಳಿಸಲು ಕೇಳಿ. ದೊಡ್ಡ ಊರುಗಳ ದೊಡ್ಡ ಆಸ್ಪತ್ರೆಗಳಲ್ಲಿ ವಿಚಾರಿಸಬೇಕಾಗುತ್ತದೆ.

ಕೂರುವುದು, ಓಡಾಟ, ಕೆಲಸ

ನಡುವೆ ತೂತಿರುವ ರಿಂಗ್ ದಿಂಬು ಎಲ್ಲರೂ ಕೊಳ್ಳುವ ವಸ್ತು. ಅದರಲ್ಲಿ ಕೂತಾಗ ಸುತ್ತಲಿನ ಮಾಂಸ ಒತ್ತಿ ನಡುಭಾಗ ಕೆಳಕ್ಕೆ ಜೋತು ಎಳೆಯುತ್ತದೆ, ಊತವೂ ಬರಬಹುದು. ಸಾಧಾರಣ ಮೆತ್ತನೆ ದಿಂಬು ವಾಸಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ದಿನಕ್ಕೆ ಅರ್ಧ ಗಂಟೆ ನಡೆದರೆ ಕರುಳಿಗೂ ಒಳ್ಳೆಯದು. ಕೂತು ಮಾಡುವ ಕೆಲಸಕ್ಕೆ ಬಹಳ ಮಂದಿ ಒಂದೆರಡು ವಾರದಲ್ಲಿ ಮರಳುತ್ತಾರೆ. ಗ್ಯಾಸ್ ಸಿಲಿಂಡರ್, ನೀರಿನ ಕೊಡ, ಮೂಟೆ ಎತ್ತುವುದು, ಜಿಮ್ಮಿನ ಸ್ಕ್ವಾಟ್ ನಾಲ್ಕರಿಂದ ಆರು ವಾರ ಬೇಡ. ಸ್ಕೂಟರ್, ಬೈಕು ಕನಿಷ್ಠ ಎರಡು ವಾರ ಬಿಡಿ, ರಸ್ತೆ ಗುಂಡಿಯದಾದರೆ ಇನ್ನೂ ಸ್ವಲ್ಪ ದಿನ. ಬಸ್ಸಿನಲ್ಲಿ ಹಿಂದಿನ ಸೀಟು ತಪ್ಪಿಸಿ, ದೂರದ ಪ್ರಯಾಣದ ಹಿಂದಿನ ದಿನವೇ ನೀರು ಹೆಚ್ಚಿಸಿ. ದಾರಿಯಲ್ಲಿ ಕಕ್ಕಸು ಸಿಗದೆಂದು ನೀರು ಕುಡಿಯದೆ ಹೊರಡುವವರ ಮರುದಿನದ ಬೆಳಿಗ್ಗೆ ಕೆಟ್ಟದಾಗಿರುತ್ತದೆ.

ತೇವ, ತುರಿಕೆ, ಗ್ಯಾಸ್ ತಡೆಯಲಾಗದಿರುವುದು

ತೆಳು ಹಳದಿ ದ್ರವ ಕೆಲವು ವಾರ ಬರುವುದು ಸಹಜ, ಅದೆಲ್ಲ ಕೀವಲ್ಲ. ಒಂದು ಗಾಸ್ ತುಂಡನ್ನು ಮಡಚಿ ಅಂಚಿಗೆ ಇಟ್ಟು, ಒದ್ದೆಯಾದಾಗಲೆಲ್ಲ ಬದಲಿಸಿ. ಗಾಯದೊಳಗೆ ತುರುಕಬೇಡಿ. ಮಾಯುವಾಗ ತುರಿಕೆ ಬರುತ್ತದೆ, ಸುತ್ತಲಿನ ಚರ್ಮಕ್ಕೆ ತೆಳುವಾಗಿ ಜಿಂಕ್ ಆಕ್ಸೈಡ್ ಅಥವಾ ವ್ಯಾಸಲೀನ್ ಹಚ್ಚಿ, ಸಡಿಲ ಹತ್ತಿ ಒಳಉಡುಪು ಧರಿಸಿ. ಸಕ್ಕರೆ ಕಾಯಿಲೆಯವರಿಗೆ ಕೆಂಪಗಾಗಿ ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದರೆ ಅದು ಫಂಗಸ್ ಆಗಿರಬಹುದು, ತೋರಿಸಿ.

ಗ್ಯಾಸ್ ತಾನಾಗಿ ಹೋಗುವುದು, ಬಟ್ಟೆಗೆ ಸ್ವಲ್ಪ ಕಲೆಯಾಗುವುದು ಮೊದಲ ವಾರಗಳಲ್ಲಿ ಕೆಲವರಿಗೆ ಆಗುತ್ತದೆ, ಹೆಚ್ಚಿನವರಿಗೆ ಎರಡು ಮೂರು ತಿಂಗಳಲ್ಲಿ ಸರಿಹೋಗುತ್ತದೆ. ಮಲ ತುಂಬ ಸಡಿಲವಾಗಿರುವುದರಿಂದಲೇ ಇದು ಹೆಚ್ಚಾಗುತ್ತದೆ, ಸಿರಪ್ ಕಡಿಮೆ ಮಾಡಿ ನೋಡಿ. ನೋವು ಪೂರ್ತಿ ತಗ್ಗಿದ ಮೇಲೆ, ಸರ್ಜನ್ ಒಪ್ಪಿಗೆಯಿಂದ, ಐದು ಸೆಕೆಂಡ್ ಬಿಗಿದು ಹತ್ತು ಸೆಕೆಂಡ್ ಬಿಡುವ ವ್ಯಾಯಾಮ ಹತ್ತು ಸಲದಂತೆ ದಿನಕ್ಕೆ ಮೂರು ಬಾರಿ ಶುರುಮಾಡಬಹುದು. ಗಟ್ಟಿ ಮಲವೇ ತಿಳಿಯದೆ ಜಾರುತ್ತಿದ್ದರೆ ನಾಚಿಕೆ ಬಿಟ್ಟು ಕೂಡಲೇ ಹೇಳಿ. ಹಿಂದೆ ಹೆರಿಗೆಯಲ್ಲಿ ಹರಿದಿದ್ದ ಮಹಿಳೆಯರು ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿರಬೇಕು.

ಯಾವಾಗ ಕಾಯಬಾರದು

38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮೀರಿದ ಜ್ವರ, ಒಂದು ಪಕ್ಕ ಊದಿ ಬಡಿಯುವ ನೋವು, ದುರ್ವಾಸನೆಯ ಕೀವು, ಗಡ್ಡೆ ಗಡ್ಡೆಯಾಗಿ ರಕ್ತ ಅಥವಾ ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ, ತಲೆಸುತ್ತು, ಆಪರೇಷನ್ ಆದ ಮೊದಲ ದಿನ ಮೂತ್ರ ಕಟ್ಟುವುದು, ಮೂರು ದಿನ ಮಲವಾಗದೆ ಹೊಟ್ಟೆ ಉಬ್ಬುವುದು: ಇವಕ್ಕೆ ಅಂದೇ ಹೋಗಬೇಕು. ಸಕ್ಕರೆ ಕಾಯಿಲೆಯವರಲ್ಲಿ ವೃಷಣ ಅಥವಾ ತೊಡೆಸಂದಿನ ಚರ್ಮ ಊದಿ ಕಪ್ಪಾಗುತ್ತಿದ್ದರೆ ಗಂಟೆಗಳೂ ಮುಖ್ಯ, ರಾತ್ರಿಯಾದರೂ ತುರ್ತು ವಿಭಾಗಕ್ಕೆ ಹೋಗಿ.

ಇವೇನೂ ಇಲ್ಲದೆ 8 ವಾರವಾದರೂ ಗಾಯ ತೆರೆದೇ ಇದ್ದರೆ ಕಾರಣ ಹುಡುಕಬೇಕು. ಸಕ್ಕರೆ ಹತೋಟಿಯಲ್ಲಿದೆಯೇ ಎಂದು ಎಚ್‌ಬಿಎ1ಸಿ, ರಕ್ತಹೀನತೆಗೆ ಹಿಮೋಗ್ಲೋಬಿನ್ ಮಾಡಿಸಿ. ಬೀಡಿ ಸಿಗರೇಟು ಸೇದುವವರಲ್ಲಿ ಸಣ್ಣ ರಕ್ತನಾಳಗಳು ಸಂಕುಚಿಸಿ ಗಾಯ ತಡವಾಗುತ್ತದೆ, ಈ ಎರಡು ತಿಂಗಳಾದರೂ ಬಿಡಿ. ಬಿರುಕು ನಡುಗೆರೆಯಲ್ಲಿರದೆ ಪಕ್ಕದಲ್ಲಿದ್ದರೆ, ಹಲವು ಬಿರುಕುಗಳಿದ್ದರೆ, ಜೊತೆಗೆ ತೂಕ ಇಳಿಕೆ, ಹಳೆಯ ಭೇದಿ ಇದ್ದರೆ ಕ್ರೋನ್ಸ್ ಕಾಯಿಲೆ (ಕರುಳಿನ ಉರಿಯೂತ), ಕ್ಷಯ, ಎಚ್‌ಐವಿ, ಸಿಫಿಲಿಸ್, ಅಪರೂಪಕ್ಕೆ ಕ್ಯಾನ್ಸರ್ ಕೂಡ ಪರೀಕ್ಷಿಸಬೇಕಾಗುತ್ತದೆ. ಆಪರೇಷನ್‌ನಲ್ಲಿ ತೆಗೆದ ಚೂರನ್ನು ಬಯಾಪ್ಸಿಗೆ ಕಳಿಸಿದ್ದರೆ ಆ ವರದಿಯನ್ನು ಕೇಳಿ ಪಡೆಯಿರಿ, ಅದನ್ನು ತರಲು ಮರೆಯುವವರೇ ಹೆಚ್ಚು.

ಸರ್ಜನ್ ಮುಂದೆ ಮಾಡಬಹುದಾದದ್ದು ಕಾರಣದ ಮೇಲೆ ಹೋಗುತ್ತದೆ. ಗಾಯದ ಮೇಲೆ ಕೆಂಪು ಮಾಂಸ ಅತಿಯಾಗಿ ಬೆಳೆದಿದ್ದರೆ ಸಿಲ್ವರ್ ನೈಟ್ರೇಟ್ ತಾಗಿಸಿ ಸುಡುತ್ತಾರೆ, ಒಂದೆರಡು ನಿಮಿಷದ ಕೆಲಸ. ಕೊಯ್ತ ಸಾಲದೆ ಬಿಗಿತ ಉಳಿದಿದ್ದರೆ ಮುಲಾಮು ಅಥವಾ ಬೋಟಾಕ್ಸ್ ಇಂಜೆಕ್ಷನ್. ಅದರ ಪರಿಣಾಮ ಸುಮಾರು ಮೂರು ತಿಂಗಳು. ಎರಡನೇ ಸಲ ಸ್ನಾಯು ಕೊಯ್ಯುವ ಮಾತು ಬಂದರೆ, ಅದಕ್ಕೂ ಮುನ್ನ ಎಂಡೋಏನಲ್ ಅಲ್ಟ್ರಾಸೌಂಡ್ (ಗುದದ್ವಾರದ ಒಳಗಿನಿಂದ ಮಾಡುವ ಸ್ಕ್ಯಾನ್) ಮಾಡಿ ಎಷ್ಟು ಸ್ನಾಯು ಉಳಿದಿದೆ ನೋಡೋಣವೇ ಎಂದು ಕೇಳಿ. ಸ್ನಾಯು ಈಗಾಗಲೇ ಸಡಿಲವಿದ್ದೂ ಬಿರುಕು ಮಾಯದಿದ್ದರೆ ಮತ್ತೆ ಕೊಯ್ಯುವುದರಿಂದ ಹಿಡಿತ ಹೋಗುವ ಅಪಾಯವೇ ಹೆಚ್ಚು, ಆಗ ಪಕ್ಕದ ಚರ್ಮವನ್ನು ಸರಿಸಿ ಮುಚ್ಚುವ ಫ್ಲ್ಯಾಪ್ ಆಪರೇಷನ್ ಸೂಕ್ತ. ಕೀವಿನ ನಾಳ, ಅಂದರೆ ಫಿಸ್ತುಲಾ ಶಂಕೆ ಇದ್ದರೆ ಎಂಆರ್‌ಐ. ಈ ಬೇಸರದ ಹಂತದಲ್ಲೇ ಗೋಡೆಗಳ ಮೇಲಿನ ‘ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ’ ಬೋರ್ಡುಗಳು ಸೆಳೆಯುತ್ತವೆ. ಏನೆಂದು ಹೇಳದೆ ಇಂಜೆಕ್ಷನ್ ಚುಚ್ಚುವವರ, ಸುಡುವ ದ್ರವ ಹಚ್ಚುವವರ ಕೈಗೆ ಕೊಟ್ಟರೆ ದ್ವಾರವೇ ಕಿರಿದಾಗಿ ಕಟ್ಟಿಕೊಳ್ಳಬಹುದು.

ಗಾಯ ಮುಚ್ಚಿತು ಎಂದು ಸರ್ಜನ್ ಹೇಳಿದ ದಿನವೇ ಎಲ್ಲವನ್ನೂ ನಿಲ್ಲಿಸಬೇಡಿ. ಹೊಸ ಚರ್ಮ ಇನ್ನೂ ತೆಳು. ಸಿರಪ್ಪನ್ನು ವಾರಕ್ಕೆ 5 ಮಿಲಿಯಂತೆ ಇಳಿಸುತ್ತ ಬನ್ನಿ, ಮಲ ಗಟ್ಟಿಯಾದರೆ ಹಿಂದಿನ ಪ್ರಮಾಣಕ್ಕೆ ಮರಳಿ. ಇಸಬ್‌ಗೋಲ್ ಮಾತ್ರ ಇನ್ನೂ ಮೂರು ತಿಂಗಳಾದರೂ ಎರಡು ಲೋಟ ನೀರಿನ ಸಮೇತ ಮುಂದುವರಿಯಲಿ.